ನಂಬಿದ ಪುಸ್ತಕ, ನಂಬದ ಪುಸ್ತಕ

ಚನ್ನಗಿರಿಯ ಗ್ರಂಥಾಲಯದಲ್ಲಿ ‘ಯಾವುದಾದರೂ ಒಳ್ಳೆಯ ಪುಸ್ತಕ ಹೇಳಿ’ ಎಂದು ಯಾರೇ ಕೇಳಲಿ, ಪೇಪರ್ ಓದುತ್ತ ಕೂತವರು ತಲೆಯೆತ್ತಿ ಹೇಳುವುದು ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನೇ. ಹೊನ್ನಾಳಿಯಿಂದ ಬರುವ ನಮ್ಮ ಮೇಷ್ಟ್ರ ಬಾಯಲ್ಲೂ ಅದೇ. ಜಗಳೂರಿನವರು 1997ರವರೆಗೆ ಚಿತ್ರದುರ್ಗ ಜಿಲ್ಲೆಯವರು. ಅವರಿಗಂತೂ ಅದು ಮನೆಯ ಕಥೆ. ತ.ರಾ.ಸು. ಹುಟ್ಟಿದ ಮಲೇಬೆನ್ನೂರು ನಮಗೂ ದೂರವಲ್ಲ.

ಶಿಫಾರಸು ತಪ್ಪಲ್ಲ. 1779ರಲ್ಲಿ ಕೋಟೆ ಹೈದರಾಲಿಯ ವಶವಾದದ್ದು ಗೊತ್ತಿದ್ದೂ, ಓದುವಾಗ ಮದಕರಿನಾಯಕ ಉಳಿದಾನೇನೋ ಎಂದು ಎದೆ ಹೊಡೆದುಕೊಳ್ಳುತ್ತದೆ. ನನ್ನ ತಕರಾರು ‘ನಡೆದದ್ದು ಹೀಗೇ ಟೀಚರ್’ ಎಂಬ ಮಾತಿಗೆ. ನಾಯಕ ಏಕಾಂತದಲ್ಲಿ ಆಡಿದ್ದು ಕಾದಂಬರಿಕಾರರಿಗೆ ಹೇಗೆ ಕೇಳಿಸಿತು ಎಂದು ಯಾರೂ ಕೇಳುವುದಿಲ್ಲ.

ನ್ಯಾಮತಿಯ ಹಿರಿಯರೊಬ್ಬರಿಗೆ ನಾನು ವಿಜಯಾ ಅವರ ‘ಕುದಿ ಎಸರು’ ಕೊಟ್ಟೆ. 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆತ್ಮಕಥೆ. ಸಂಸಾರದಲ್ಲಿ ತಿಂದ ಪೆಟ್ಟನ್ನು ತಿಂದವರೇ ಬರೆದದ್ದು. ಎರಡೇ ದಿನಕ್ಕೆ ವಾಪಸ್ಸು ಬಂತು. ‘ಸ್ವಲ್ಪ ಜಾಸ್ತಿ ಆಯ್ತೇನೋ ಟೀಚರ್. ಮನೆ ವಿಷಯ ಹಿಂಗೆ ಬರೀಬಹುದಾ?’

ಇನ್ನೂರು ವರ್ಷದ ಹಿಂದಿನ ಕಲ್ಪಿತ ಸಂಭಾಷಣೆಗೆ ಬೇಡದ ಸಾಕ್ಷಿ, ಕಣ್ಣೆದುರಿನ ಹೆಂಗಸಿನ ನೆನಪಿಗೆ ಯಾಕೆ ಬೇಕು? ನೆನಪೂ ತಪ್ಪುತ್ತದೆ, ಒಪ್ಪುತ್ತೇನೆ. ಆದರೆ ಅವರು ತಪ್ಪು ತೋರಿಸಲಿಲ್ಲ, ಮುಜುಗರ ತೋರಿಸಿದರು. ಮೊದಲ ಓದಿನಲ್ಲಿ ನಾನೂ ಕೆಲವು ಪುಟಗಳನ್ನು ಬೇಗ ಬೇಗ ಮಗುಚಿದವಳೇ.

ಈಗ ಕೇಳಿದವರಿಗೆ ಎರಡರ ಹೆಸರನ್ನೂ ಒಂದೇ ಚೀಟಿಯಲ್ಲಿ ಬರೆದುಕೊಡುತ್ತೇನೆ.