ಎರಡು ತಲೆಗಳ ಕಥೆ: ಕುಮಾರರಾಮನ ಅಂತ್ಯ ಮತ್ತು ಅವನ ನಿರೂಪಕರು

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ಜಬ್ಬಲಗುಡ್ಡದ ಸಮೀಪದ ಬೆಟ್ಟಸಾಲಿನಲ್ಲಿ, ಕುಮ್ಮಟದುರ್ಗವಿದೆ. ಹೊಳೆಯಾಚೆ ಕಂಪಿಲಿ, ಅಲ್ಲಿಂದ ತೆಂಕಣಕ್ಕೆ ಸಂಡೂರು ಸೀಮೆಯ ಹೊಸಮಲೆದುರ್ಗ. ಮುಮ್ಮಡಿ ಸಿಂಗನ ಮಗ ಕಂಪಿಲರಾಯ ಆಳಿದ ನಾಡು ಇದು. ಎಲಬುರ್ಗೆಯು ಎರಂಬರಗೆಯ ಸಿಂದರ ರಾಜಧಾನಿಯಾಗಿತ್ತು. ಅವರಿಗೆ ಶಾಸನಗಳು ಬೇಕಾದಷ್ಟಿವೆ. ಆದರೆ ಈ ಭಾಗದ ಜನ ತಮ್ಮವನೆಂದು ಹಾಡಿಕೊಂಡದ್ದು, ಸಿಂಹಾಸನವನ್ನೇ ಏರದ ಒಬ್ಬ ರಾಜಕುಮಾರನನ್ನು. ಮನುಷ್ಯಶಕ್ತಿಯನ್ನು ಮೀರಿದ ವೀರನೆಂದು ಕುಮಾರರಾಮನನ್ನು ಕವಿಗಳು ಕಟ್ಟಿದರು, ಜನಪದರು ದೈವವಾಗಿಸಿದರು, ಕೊನೆಗೆ ಚಲನಚಿತ್ರವೂ ಅವನನ್ನು ಕೈಗೆತ್ತಿಕೊಂಡಿತು. ಇವರೆಲ್ಲರೂ ಎದುರಿಸಿದ ಪ್ರಶ್ನೆ ಒಂದೇ: ಸೋತು ಸತ್ತ ವೀರನ ಕಥೆಯನ್ನು ಎಲ್ಲಿ, ಹೇಗೆ ನಿಲ್ಲಿಸಬೇಕು?

ಮೊದಲು ಚರಿತ್ರೆಯ ಮಾತು. ಮಹಮ್ಮದ್ ಬಿನ್ ತುಘಲಕನ ಸೋದರತ್ತೆಯ ಮಗ ಬಹಾವುದ್ದೀನ್ ಗುರ್ಷಾಸ್ಪ್, ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದು, ಸುಲ್ತಾನನ ವಿರುದ್ಧ ಬಂಡೆದ್ದು ಸೋತು ಕಂಪಿಲನ ಮರೆಹೊಕ್ಕನು. ಮರೆಹೊಕ್ಕವನನ್ನು ಒಪ್ಪಿಸಲು ಕಂಪಿಲ ನಿರಾಕರಿಸಿದ್ದರಿಂದ ದಿಲ್ಲಿಯ ಸೈನ್ಯ ಕುಮ್ಮಟವನ್ನು ಮುತ್ತಿತು. 1327ರ ಸುಮಾರಿಗೆ ಆ ರಾಜ್ಯ ಅಳಿಯಿತು. ಈ ಯುದ್ಧಕ್ಕೆ ಮೂಲಕಾರಣ ಒಬ್ಬ ಮುಸಲ್ಮಾನ ಸರದಾರನಿಗೆ ಕೊಟ್ಟ ಆಶ್ರಯ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಏಕೆಂದರೆ ಮುಂದಿನ ನಿರೂಪಣೆಗಳಲ್ಲಿ ಮೊದಲು ಮಸುಕಾಗುವುದು ಇದೇ. ನಂಜುಂಡಕವಿಯ ಸಾಂಗತ್ಯದಲ್ಲಿ ಈತ ಬಹದ್ದೂರನೆಂಬ ಹೆಸರಿನಿಂದ ಇನ್ನೂ ಉಳಿದುಕೊಂಡಿದ್ದಾನೆ. ಆಧುನಿಕ ಕಾಲದ ಭಾಷಣ, ಲಾವಣಿ, ನಾಟಕಗಳಿಗೆ ಬರುವಷ್ಟರಲ್ಲಿ ಬಹುಪಾಲು ಎರಡು ಧರ್ಮಗಳ ಕಾಳಗವೊಂದೇ ಮಿಕ್ಕು, ಮರೆಹೊಕ್ಕವನು ಮರೆಯಾಗುತ್ತಾನೆ.

ನಂಜುಂಡನು ಹದಿನಾರನೆಯ ಶತಮಾನದವನು. ಘಟನೆಗೂ ಕಾವ್ಯಕ್ಕೂ ಸುಮಾರು ಇನ್ನೂರು ವರ್ಷಗಳ ಅಂತರವಿದೆ. ಅನಂತರ ಪಾಂಚಾಳಗಂಗನೂ ಇದೇ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದನು. ಕಥೆಯ ನಡುಭಾಗ ಎಲ್ಲರಿಗೂ ಪರಿಚಿತವೇ. ಚೆಂಡಾಟದಲ್ಲಿ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರಲು ಹೋದ ಮಲಮಗನನ್ನು ಆಕೆ ಬಯಸುತ್ತಾಳೆ. ಅವನು ಒಪ್ಪದಿದ್ದಾಗ ಅವನ ಮೇಲೆಯೇ ತಪ್ಪು ಹೊರಿಸುತ್ತಾಳೆ. ಕಂಪಿಲ ಮಗನ ತಲೆ ಹೊಡೆಯಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ಗುಪ್ತವಾಗಿರಿಸಿ, ಅವನನ್ನು ಹೋಲುವ ಬೇರೊಂದು ತಲೆಯನ್ನು ತೋರಿಸುತ್ತಾನೆ. ಸಾರಂಗಧರನ ಕಥೆಯ ಆಶಯವೂ ಇದೇ ಆದರೂ ಒಂದು ವ್ಯತ್ಯಾಸವಿದೆ. ಸಾರಂಗಧರನ ಶಿಕ್ಷೆ ಅವನ ಮೈಮೇಲೆಯೇ ನಡೆಯುತ್ತದೆ. ಕುಮಾರರಾಮನ ಶಿಕ್ಷೆ ಇನ್ನೊಬ್ಬನ ಕೊರಳಿನ ಮೇಲೆ ನಡೆದುಹೋಗುತ್ತದೆ.

ಹೀಗೆ ಈ ಕಥೆಯಲ್ಲಿ ತಲೆಗಳು ಎರಡು. ನಡುವೆ ಉರುಳುವುದು ಸುಳ್ಳು ತಲೆ, ಕೊನೆಯಲ್ಲಿ ಉರುಳಿ ದಿಲ್ಲಿಗೆ ಹೋಗುವುದು ನಿಜವಾದ ತಲೆ. ವಿದ್ವಾಂಸರು ಬೈಚಪ್ಪನ ಉಪಾಯವನ್ನು ಕಥಾಕುತೂಹಲದ ಒಂದು ತಂತ್ರವೆಂದಷ್ಟೇ ಕಂಡು ಮುಂದೆ ಸಾಗುವುದುಂಟು. ನನಗೆ ಹಾಗೆ ತೋರುವುದಿಲ್ಲ. ಒಮ್ಮೆ ತಲೆ ಬಿದ್ದಿತೆಂದು ಊರೆಲ್ಲ ಅತ್ತ ಮೇಲೆ ಅವನು ನೆಲಮಾಳಿಗೆಯಿಂದ ಎದ್ದು ಬಂದು ಕಾದಿದ್ದನ್ನು ಕೇಳಿದ ಶ್ರೋತೃ, ಎರಡನೆಯ ತಲೆ ಬಿದ್ದಾಗ ಅದನ್ನು ಪೂರ್ತಿ ನಂಬುವುದು ಹೇಗೆ? ಕಾವ್ಯ ತನ್ನ ಅಂತ್ಯವನ್ನು ತಾನೇ ಸಡಿಲಗೊಳಿಸಿಕೊಂಡಿದೆ. ಈ ಸಡಿಲದಲ್ಲಿಯೇ ಆರಾಧನೆ ಹುಟ್ಟಿಕೊಂಡಿತು. ಮಲೆನಾಡಿನ ಕೆಲವು ಊರುಗಳಲ್ಲಿ ಕುಮಾರರಾಮನ ಹಾಗೂ ಅವನ ಸಂಗಡಿಗರ ಮರದ ತಲೆಗಳನ್ನು ಪೂಜಿಸುವ ರೂಢಿ ಇದೆ. ಮೈಯಿಲ್ಲದ, ಕುದುರೆಯಿಲ್ಲದ, ಕತ್ತಿಯಿಲ್ಲದ ಬರಿಯ ತಲೆಗಳು. ಸೋಲಿನ ಗುರುತಾಗಿ ಶತ್ರು ಕೊಂಡೊಯ್ದುದನ್ನೇ ಜನ ದೈವದ ಗುರುತಾಗಿ ಉಳಿಸಿಕೊಂಡಿದ್ದಾರೆ.

ಕೊನೆಯ ಯುದ್ಧದ ಚಿತ್ರಣ ಇನ್ನೂ ಸೂಕ್ಷ್ಮವಾದುದು. ಕುಮಾರರಾಮನ ಬಿರುದು 'ಪರನಾರೀಸಹೋದರ'. ದಿಲ್ಲಿಯ ಪಡೆಯ ಮುಂದಾಳಾಗಿ ಬರುವವಳು ಮಾತಂಗಿಯೆಂಬ ಹೆಣ್ಣು. ಹೆಣ್ಣಿನ ಮೇಲೆ ಕೈಮಾಡಲಾರದವನ ಎದುರಿಗೆ ಹೆಣ್ಣನ್ನೇ ತಂದು ನಿಲ್ಲಿಸಿದಾಗ, ಅವನನ್ನು ರತ್ನಾಜಿಯಿಂದ ಕಾಪಾಡಿದ ವ್ರತವೇ ಮಾತಂಗಿಯ ಮುಂದೆ ಅವನನ್ನು ನಿರಾಯುಧನನ್ನಾಗಿಸುತ್ತದೆ. ಒಂದು ಹೆಣ್ಣಿನ ಬಯಕೆ ಸುಳ್ಳು ತಲೆಯನ್ನೂ ಇನ್ನೊಂದು ಹೆಣ್ಣಿನ ಖಡ್ಗ ನಿಜದ ತಲೆಯನ್ನೂ ಉರುಳಿಸುತ್ತದೆ. ಸ್ತ್ರೀಯರನ್ನು ಈ ಕಾವ್ಯಪರಂಪರೆ ಕಾಣುವ ಬಗೆಗೆ ತಕರಾರು ಎತ್ತಬೇಕಾದದ್ದು ನಿಜ. ರತ್ನಾಜಿಯ ಮಾತನ್ನು ಅವಳ ಕಡೆಯಿಂದ ಕೇಳುವ ಕವಿ ಬರಲಿಲ್ಲ. ಆದರೂ ವೀರನ ಗುಣವೇ ಅವನ ಮೃತ್ಯುವಿನ ಬಾಗಿಲಾಗುವ ಈ ಕಟ್ಟಡದ ಬಿಗಿ ಸಾಮಾನ್ಯವಾದುದಲ್ಲ.

ಈ ಬಿಗಿಯನ್ನು ತೆರೆಗೆ ತರುವುದು ಸುಲಭವಲ್ಲ. ಕನ್ನಡದ ಐತಿಹಾಸಿಕ ಚಿತ್ರಗಳಿಗೆ ಎರಡು ಬಗೆಯ ಮುಕ್ತಾಯಗಳು ರೂಢಿಯಾಗಿವೆ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿದ 'ಮಯೂರ'ದ (1975) ನಾಯಕ ಅವಮಾನದಿಂದ ಹೊರಟು ರಾಜನಾಗುತ್ತಾನೆ. ಪ್ರೇಕ್ಷಕ ಜಯಕಾರದೊಡನೆ ಎದ್ದು ಹೋಗಬಹುದು. 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ದ (2012) ನಾಯಕನಿಗೆ ಜಯವಿಲ್ಲ, ನೇಣಿದೆ. ಆದರೆ ಆ ಸಾವು ಮುಂದೆ ಬರಲಿರುವ ಸ್ವಾತಂತ್ರ್ಯದ ಲೆಕ್ಕಕ್ಕೆ ಜಮೆಯಾಗುತ್ತದೆ. ಎಚ್.ಆರ್. ಭಾರ್ಗವ ನಿರ್ದೇಶಿಸಿ ಶಿವರಾಜಕುಮಾರ್ ಅಭಿನಯಿಸಿದ 2006ರ ಚಿತ್ರದ ಹೆಸರನ್ನೇ ನೋಡಿ: 'ಗಂಡುಗಲಿ ಕುಮಾರರಾಮ'. ಎರಡು ಬಿರುದುಗಳಲ್ಲಿ ಸಿನಿಮಾ ಆರಿಸಿಕೊಂಡದ್ದು ಗಂಡುಗಲಿಯನ್ನು, ಪರನಾರೀಸಹೋದರನನ್ನಲ್ಲ. ತಾರೆಯ ಚಿತ್ರಕ್ಕೆ ಇದು ಸಹಜವಾದ ಆಯ್ಕೆ. ಆದರೆ ಗಂಡುಗಲಿಯ ಕಥೆಗೆ ಕುಮ್ಮಟದ ಸೋಲು ಅಡ್ಡಿಯಾಗುತ್ತದೆ, ಪರನಾರೀಸಹೋದರನ ಕಥೆಗೆ ಅದೇ ಸೋಲು ಫಲಶ್ರುತಿ. ವಿಜಯನಗರದ ಸ್ಥಾಪನೆಯನ್ನು ಕುಮಾರರಾಮನ ಬಲಿದಾನದ ಮುಂದುವರಿಕೆಯೆಂದು ಹೇಳಿ ಸಮಾಧಾನಪಡುವ ದಾರಿಯೊಂದಿದೆ. ನಮ್ಮ ಪ್ರಾಂತದ ಅಭಿಮಾನಿಗಳು ಹೆಚ್ಚಾಗಿ ಹಿಡಿಯುವುದೂ ಅದನ್ನೇ. ಹರಿಹರ-ಬುಕ್ಕರಿಗೂ ಕಂಪಿಲಿಗೂ ಇದ್ದ ನಂಟಿನ ಬಗ್ಗೆ ವಿದ್ವಾಂಸರ ಚರ್ಚೆ ನಡೆದೇ ಇದೆ. ಅದೇನೇ ಇರಲಿ, ಒಬ್ಬನ ಸಾವನ್ನು ಇನ್ನೊಬ್ಬರ ಪಟ್ಟಾಭಿಷೇಕದಿಂದ ಮುಗಿಸಿದರೆ ಎರಡನೆಯ ತಲೆಯ ಭಾರ ಹಗುರವಾಗಿಬಿಡುತ್ತದೆ.

ಬಯಲಾಟದವರಿಗೆ ಈ ತೊಡಕು ಇಲ್ಲ. ಇರುಳಿಡೀ ಕುಣಿದು ಬೆಳಗಿನ ಜಾವಕ್ಕೆ ವೀರ ಬಿದ್ದರೆ, ಮಂಗಳ ಹಾಡುವಾಗ ಅದೇ ವೇಷಧಾರಿ ಕಿರೀಟದೊಡನೆ ಎದ್ದು ನಿಂತಿರುತ್ತಾನೆ. ಸತ್ತವನು ಏಕೆ ಎದ್ದನೆಂದು ಯಾರೂ ಕೇಳುವುದಿಲ್ಲ. ಸಿನಿಮಾದ ಪರದೆ ಒಮ್ಮೆ ಕಪ್ಪಾದರೆ ಆಯಿತು.

ಇನ್ನೊಂದು ಅಂತ್ಯವಿದೆ. ಅದನ್ನು ಯಾವ ಕವಿಯೂ ಹಾಡಲಿಲ್ಲ. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತನ ವರದಿಯಲ್ಲಿ ಗಂಡುಗಲಿ ಮಗನ ಪ್ರಸ್ತಾಪವೇ ಇಲ್ಲ. ಅಲ್ಲಿ ವೀರನಾಗುವವನು ತಂದೆ. ಕಂಪಿಲ ಮರೆಹೊಕ್ಕವನನ್ನು ನೆರೆಯ ರಾಜನಲ್ಲಿಗೆ ಕಳುಹಿಸಿ, ಅಂತಃಪುರದ ಹೆಂಗಸರು ಬೆಂಕಿಗೆ ಹಾರಿದ ಮೇಲೆ, ಮಿಂದು ಗಂಧ ಲೇಪಿಸಿಕೊಂಡು ಕಾದಿ ಮಡಿಯುತ್ತಾನೆ. ಆ ನೆರೆಯವನು ಗುರ್ಷಾಸ್ಪನನ್ನು ಹಿಡಿದು ಒಪ್ಪಿಸುತ್ತಾನೆ, ಸುಲ್ತಾನ ಅವನ ಚರ್ಮ ಸುಲಿಸುತ್ತಾನೆ. ಸೆರೆಸಿಕ್ಕ ಕಂಪಿಲನ ಹನ್ನೊಂದು ಮಂದಿ ಮಕ್ಕಳನ್ನು ಮತಾಂತರಿಸಿ ಅಮೀರರನ್ನಾಗಿ ಮಾಡಲಾಯಿತು. ಅವರಲ್ಲಿ ಮೂವರನ್ನು ತಾನು ದಿಲ್ಲಿಯಲ್ಲಿ ಕಂಡೆನೆಂದು ಆತ ಹೇಳುತ್ತಾನೆ: ನಸರ್, ಬಖ್ತಿಯಾರ್ ಮತ್ತು ತನಗೆ ಗೆಳೆಯನಾದ ಅಬು ಮುಸ್ಲಿಂ. ಕುಮಾರರಾಮನ ಒಡಹುಟ್ಟಿದವನಾಗಿದ್ದಿರಬಹುದಾದ ಈ ಅಬು ಮುಸ್ಲಿಮನಿಗೆ ಆಸ್ಥಾನದಲ್ಲಿದ್ದ ಕೆಲಸ, ಸುಲ್ತಾನ ಕುಡಿಯುವ ನೀರಿನ ಪಾತ್ರೆಗೆ ಮೊಹರು ಒತ್ತುವುದು.