ಮಿಥ್ರಿಲ್ ಎಂಬ ಲೋಹನಾಮದ ವಿಚಾರ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಗಳು ದಪ್ಪನಾದೊಂದು ಇಂಗ್ಲಿಷ್ ಗ್ರಂಥವನ್ನು ಕೈಯಲ್ಲಿ ಹಿಡಿದು ಬಂದು, "ತಾತ, ಮಿಥ್ರಿಲ್ ಎಂಬುದು ಯಾವ ಧಾತು?" ಎಂದು ಕೇಳಿದಳು. ಪಾಠಶಾಲೆಯ ಅಭ್ಯಾಸಬಲದಿಂದ ನಾನು ಧಾತುಪಾಠವನ್ನು ಮನಸ್ಸಿನಲ್ಲಿಯೇ ತಿರುವಿಹಾಕತೊಡಗಿದೆನು. ಅವಳು ಕೇಳಿದುದಾದರೋ ಶಬ್ದದ ಮೂಲವನ್ನಲ್ಲ, ಲೋಹವನ್ನು. ಈ ತಪ್ಪು ತಿಳಿವಳಿಕೆಯೇ ನನ್ನನ್ನು ಆ ಗ್ರಂಥಕ್ಕೆ ಕರೆದೊಯ್ದಿತು. ಇಲ್ಲದ ಲೋಕದ ಇಲ್ಲದ ಲೋಹಕ್ಕೆ ವ್ಯುತ್ಪತ್ತಿಯನ್ನು ಹುಡುಕುವುದು ಆಕಾಶಕುಸುಮಕ್ಕೆ ಪರಿಮಳವನ್ನು ಹುಡುಕಿದಂತೆ ಎಂದು ಮೊದಲು ನಾನೂ ನಕ್ಕವನೇ. ಎರಡು ತಿಂಗಳ ವಾಚನದ ತರುವಾಯ ಆ ನಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಗ್ರಂಥವು 1954 ಮತ್ತು 1955ನೆಯ ಇಸವಿಗಳಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ 'ದಿ ಲಾರ್ಡ್ ಆಫ್ ದಿ ರಿಂಗ್ಸ್'. ಕರ್ತೃವಾದ ಜೆ. ಆರ್. ಆರ್. ಟೋಲ್ಕಿನ್ ಮಹಾಶಯನು (1892–1973) 1925ರಿಂದ 1959ರವರೆಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದವನು, ವೃತ್ತಿಯಿಂದ ಶಬ್ದಶಾಸ್ತ್ರಜ್ಞನು. ಮೊದಲು ಭಾಷೆಗಳನ್ನು ಕಲ್ಪಿಸಿ, ಆ ಭಾಷೆಗಳನ್ನಾಡುವ ಜನರಿಗೊಂದು ಲೋಕ ಬೇಕೆಂದು ಆಮೇಲೆ ಕಥೆಯನ್ನು ಕಟ್ಟಿದೆನೆಂದು ತಾನೇ ಹೇಳಿಕೊಂಡಿರುವನು. ಉಳಿದ ಕಥೆಗಾರರು ಮನೆಯನ್ನು ಕಟ್ಟಿ ಹೆಸರಿಡುವರು. ಈತನು ಹೆಸರುಗಳನ್ನು ಮುಂದಿಟ್ಟುಕೊಂಡು ಮನೆ ಕಟ್ಟಿದನು.

ಮಿಥ್ರಿಲ್ಲಿನ ಪ್ರಸ್ತಾಪವು ಬರುವುದು ಮೋರಿಯಾ ಎಂಬ ಗಣಿಯ ಕತ್ತಲೆಯಲ್ಲಿ. ಕುಬ್ಜಜಾತಿಯವರು ತೋಡಿದ ಆ ಪಾತಾಳನಗರವು ಹಾಳುಬಿದ್ದಿದೆ. ದಾರಿತೋರುವ ಗ್ಯಾಂಡಾಲ್ಫನೆಂಬ ಮಾಂತ್ರಿಕನು, ಇಷ್ಟು ದೊಡ್ಡ ಊರು ಚಿನ್ನಕ್ಕಾಗಿ ಆದುದಲ್ಲ, ಈ ಲೋಹಕ್ಕಾಗಿ ಆದುದು ಎನ್ನುವನು. ತಾಮ್ರದಂತೆ ಬಡಿಯಬಹುದು, ಗಾಜಿನಂತೆ ಹೊಳಪೇರಿಸಬಹುದು. ಹಗುರವಾಗಿದ್ದೂ ಹದಗೊಳಿಸಿದ ಉಕ್ಕಿಗಿಂತ ಗಟ್ಟಿ. ಬೆಳ್ಳಿಯಂತೆ ಕಾಣುವುದು, ಆದರೆ ಬೆಳ್ಳಿಯಂತೆ ಕಪ್ಪಿಡದು. ಹಿಂದೆ ಚಿನ್ನದ ಹತ್ತು ಪಾಲು ಬೆಲೆಬಾಳುತ್ತಿದ್ದುದು ಈಗ ಬೆಲೆಯನ್ನೇ ಮೀರಿದೆ. ಏಕೆಂದರೆ ಅದರ ಸಿರೆಯನ್ನು ಹಿಡಿದು ಅತಿಯಾಸೆಯಿಂದ ಆಳಕ್ಕಿಳಿದ ಕುಬ್ಜರು ಅಡಿಯಲ್ಲಿ ಮಲಗಿದ್ದ ಭೂತವನ್ನು ಎಬ್ಬಿಸಿದರು. ಈ ಲೋಹದ ಕವಚವೊಂದನ್ನು ಕಥಾನಾಯಕನಾದ ಫ್ರೋಡೋ ಆಗಲೇ ಅಂಗಿಯೊಳಗೆ ತೊಟ್ಟಿರುವನು. ಅದರ ಬೆಲೆಯು ತನ್ನ ನಾಡೆಲ್ಲವನ್ನೂ ಅದರಲ್ಲಿರುವ ಸಮಸ್ತವನ್ನೂ ಮೀರಿದುದೆಂದು ಕೇಳಿ ಅವನು ದಿಗ್ಭ್ರಾಂತನಾಗುವ ಎಡೆಯು ಬಹಳ ಚೆನ್ನಾಗಿದೆ.

ಇನ್ನು ಹೆಸರು. ಲೋಹಗಳಿಗೆ ಹೆಸರು ಬಂದಿರುವುದು ಬಹುಮಟ್ಟಿಗೆ ಕಣ್ಣಿನ ಮೂಲಕ. ಬಿಳಿದಾದುದರಿಂದ ಬೆಳ್ಳಿ, ಕರಿಯ ಹೊನ್ನಾದುದರಿಂದ ಕಬ್ಬಿಣ. ಅಮರಸಿಂಹನು ಬೆಳ್ಳಿಗೆ 'ಶ್ವೇತ'ವೆಂಬ ಹೆಸರನ್ನು ಕೊಟ್ಟುದಲ್ಲದೆ 'ದುರ್ವರ್ಣ'ವೆಂದೂ ಹೇಳಿರುವನು. ಸುವರ್ಣದ ಪಕ್ಕದಲ್ಲಿ ನಿಂತುದಕ್ಕೆ ಪಾಪ, ಅದಕ್ಕೆ ಬಂದ ಬಿರುದು! ಜರ್ಮನಿಯ ಗಣಿಗಾರರು ಮಾತ್ರ, ತಾಮ್ರ ಬೆಳ್ಳಿಗಳ ಆಸೆ ತೋರಿಸಿ ವಂಚಿಸಿದ ಅದಿರುಗಳಿಗೆ ಗಣಿಯ ಪಿಶಾಚಿಗಳ ಹೆಸರನ್ನೇ ಇಟ್ಟರು. ಇಂದಿನ ಕೋಬಾಲ್ಟ್, ನಿಕ್ಕಲ್ ಎಂಬ ಗೌರವಸ್ಥ ಹೆಸರುಗಳ ಪೂರ್ವಾಶ್ರಮವು ಇದು. ಟೋಲ್ಕಿನ್ನನು ಭೂತವನ್ನು ಗಣಿಯಲ್ಲಿಯೇ ಬಿಟ್ಟು, ಹೆಸರನ್ನು ಕಣ್ಣಿನ ದಾರಿಯಲ್ಲಿ ಮಾಡಿದನು. ಆತನು ಕಲ್ಪಿಸಿದ ಎಲ್ಫ್ ಜನರ ಭಾಷೆಯಲ್ಲಿ 'ಮಿಥ್' ಎಂದರೆ ಬೂದುಬಣ್ಣ, 'ರಿಲ್' ಎಂದರೆ ಹೊಳಪು.

ಆದರೆ ಈ ಅರ್ಥವನ್ನು ಗ್ಯಾಂಡಾಲ್ಫನು ಆ ಸಂದರ್ಭದಲ್ಲಿ ಬಿಡಿಸಿ ಹೇಳುವುದಿಲ್ಲ. ಗ್ರಂಥದ ಸೊಗಸು ಇಲ್ಲಿಯೇ ಇರುವುದೆಂದು ನನ್ನ ಅಭಿಪ್ರಾಯ. ಓದುತ್ತ ಹೋದಂತೆ ಬೂದುಬಣ್ಣದ ಯಾತ್ರಿಕನಾದ ಗ್ಯಾಂಡಾಲ್ಫನಿಗೆ 'ಮಿಥ್ರಾಂದಿರ್' ಎಂಬ ಹೆಸರಿರುವುದನ್ನು ಕಾಣುವೆವು. ಬೂದುಬಣ್ಣದ ಬಂದರಿಗೆ 'ಮಿಥ್‌ಲೊಂಡ್' ಎಂದಿರುವುದನ್ನು ಕಾಣುವೆವು. ಅತ್ತ ಜ್ವಲಿಸುವ ಖಡ್ಗಕ್ಕೆ 'ಅಂದೂರಿಲ್', ಬೆಳಗುವ ಮಣಿಗೆ 'ಸಿಲ್ಮರಿಲ್'. ಯಾವುದು ಇದ್ದರೆ ಯಾವ ಅರ್ಥವು ಇರುವುದೋ, ಯಾವುದು ಇಲ್ಲದಿದ್ದರೆ ಇಲ್ಲವೋ ಎಂದು ನೋಡಿ ಪದಭಾಗದ ಅರ್ಥವನ್ನು ನಿಶ್ಚಯಿಸುವ ನಮ್ಮವರ ಅನ್ವಯವ್ಯತಿರೇಕ ಕ್ರಮವು ಇದೇ ಅಲ್ಲವೇ? ವೈಯಾಕರಣರು ಅರ್ಥವಿಲ್ಲದೆ ಇಚ್ಛೆ ಬಂದಂತೆ ಇಟ್ಟ ಹೆಸರಿಗೆ ಡಿತ್ಥ, ಡವಿತ್ಥ ಎಂದು ಉದಾಹರಣೆ ಕೊಡುವರು. ಕಟ್ಟುಕಥೆಯ ಹೆಸರುಗಳೆಲ್ಲ ಆ ವರ್ಗದವೆಂದೇ ನಾನು ಎಣಿಸಿದ್ದೆನು. ಮಿಥ್ರಿಲ್ ಡಿತ್ಥನ ಬಂಧುವಲ್ಲ, ಪಂಕಜದ ಬಂಧು: ಅವಯವಾರ್ಥವೂ ಉಂಟು, ರೂಢಿಯೂ ಉಂಟು.

ವ್ಯಾಕರಣವನ್ನು ಕಲಿಸುತ್ತಿದ್ದಾಗ, ಧಾತು ಪ್ರತ್ಯಯಗಳನ್ನು ಉರುಹಚ್ಚಿ ಏನು ಫಲವೆಂದು ಕೇಳುತ್ತಿದ್ದ ಹುಡುಗರಿಗೆ ತೃಪ್ತಿಕರವಾದ ಉತ್ತರವನ್ನು ನಾನು ಕೊಟ್ಟೆನೆಂದು ಹೇಳಲಾರೆ. ಮೊಮ್ಮಗಳು ಯಾರೂ ಹೇಳಿಕೊಡದೆ, ಕಾಗದದ ಚೂರಿನ ಮೇಲೆ 'ಮಿಥ್' ಇರುವ ಹೆಸರುಗಳನ್ನು ಒಂದು ಸಾಲಿನಲ್ಲಿಯೂ 'ರಿಲ್' ಇರುವುವನ್ನು ಇನ್ನೊಂದರಲ್ಲಿಯೂ ಬರೆದು ತಂದು ತೋರಿಸಿದಾಗ, ನನ್ನ ಬೋಧನಕ್ರಮದ ವಿಷಯದಲ್ಲಿ ಕೊಂಚ ನಾಚಿಕೆಯಾಯಿತು.

ದೋಷಗಳಿಲ್ಲವೆಂದಲ್ಲ. ಒಂದೇ ಲೋಹದಲ್ಲಿ ಇಷ್ಟು ಗುಣಗಳನ್ನು ತುಂಬಿದುದು ಅತಿಯಾಯಿತು. ಚಿನ್ನಕ್ಕೆ ಮೆತ್ತನೆಯ ಮೈಯುಂಟು, ಕಬ್ಬಿಣಕ್ಕೆ ತುಕ್ಕುಂಟು, ಇದಕ್ಕೆ ಏನೂ ಇಲ್ಲ. ಅದು ದೊರೆಯುವ ಎಡೆಯ ಭಯಂಕರತೆಯೊಂದೇ ಈ ಕೊರತೆಯನ್ನು ತುಂಬುವುದು. ಮತ್ತೊಂದು: 1937ರಲ್ಲಿ ಪ್ರಕಟವಾದ 'ದಿ ಹಾಬಿಟ್' ಎಂಬ ಮಕ್ಕಳ ಕಥೆಯಲ್ಲಿ ಇದೇ ಕವಚವು ಬರಿಯ ಬೆಳ್ಳಿಯ ಮೆರುಗಿನ ಉಕ್ಕಿನದಾಗಿತ್ತು, ಎಲ್ಫರು ಇದನ್ನು ಮಿಥ್ರಿಲ್ ಎನ್ನುವರೆಂದು 1966ರ ಪರಿಷ್ಕರಣದಲ್ಲಿ ಸೇರಿಸಿದನು. ಅಲ್ಲಿ ಆ ಮಾತು ತೇಪೆಯಂತೆ ಕಾಣುವುದು. ಆದರೂ 2009ರ 'ಅವತಾರ್' ಎಂಬ ಚಲಚ್ಚಿತ್ರದ ಅಮೂಲ್ಯ ಖನಿಜಕ್ಕೆ 'ಅನ್‌ಅಬ್ಟೇನಿಯಂ', ಎಂದರೆ 'ದೊರಕದ್ದು', ಎಂದಿಟ್ಟ ಹೆಸರಿನೊಡನೆ ಹೋಲಿಸಿದರೆ ತಾರತಮ್ಯವು ತಿಳಿದೀತು. ಅದೂ ಅನ್ವರ್ಥನಾಮವೇ, ಆದರೆ ಅದರ ಹಿಂದೆ ಆ ಹೆಸರನ್ನು ಆಡುವ ಜನವಿಲ್ಲ, ಹಾಸ್ಯ ಮಾತ್ರವಿದೆ. ಚಿತ್ರದ ಶೀರ್ಷಿಕೆಗಾಗಿ ನಮ್ಮ ಭಾಷೆಯವರೆಗೆ ಬಂದವರು ಲೋಹಕ್ಕಾಗಿ ಇನ್ನೆರಡು ಹೆಜ್ಜೆ ನಡೆಯಬಹುದಾಗಿತ್ತು.

ಕನ್ನಡಿಸುವವನು ಏನು ಮಾಡಬೇಕು? ಅನುವಾದಕರಿಗಾಗಿ ಟೋಲ್ಕಿನ್ನನು ಬರೆದಿಟ್ಟ ಟಿಪ್ಪಣಿಯು 1975ರಲ್ಲಿ ಅಚ್ಚಾಯಿತು. ಇಂಗ್ಲಿಷ್ ರೂಪದ ಹೆಸರುಗಳನ್ನು ಆಯಾ ಭಾಷೆಗೆ ತಿರುಗಿಸಬೇಕು, ಎಲ್ಫ್ ಮೊದಲಾದ ಭಾಷೆಗಳವನ್ನು ಹಾಗೆಯೇ ಉಳಿಸಬೇಕೆಂಬುದು ಅದರ ಸಾರ. ಆದುದರಿಂದ ಮಿಥ್ರಿಲ್ ಮಿಥ್ರಿಲ್ಲಾಗಿಯೇ ಇರಲಿ. ಸಂಸ್ಕೃತಜ್ಞನ ಕಿವಿಗೆ ಅದು 'ಮಿಥ್ಯಾ'ವನ್ನು ನೆನಪಿಗೆ ತಂದು, ಕಪ್ಪೆಚಿಪ್ಪಿನಲ್ಲಿ ತೋರುವ ವೇದಾಂತಿಗಳ ಬೆಳ್ಳಿಯವರೆಗೆ ಎಳೆದೊಯ್ಯುವುದು ನಿಜ. ಆ ತೊಂದರೆ ನಮ್ಮದು, ಗ್ರಂಥಕರ್ತನದಲ್ಲ. ಅದರ ಪರ್ಯಾಯನಾಮವಾದ 'ಟ್ರೂ ಸಿಲ್ವರ್' ಎಂಬುದಕ್ಕೆ 'ದಿಟಬೆಳ್ಳಿ' ಎನ್ನಬಹುದು. ಇನ್ನೊಂದು ಹೆಸರನ್ನು 'ಮೋರಿಯ ಬೆಳ್ಳಿ' ಎಂದು ಬರೆದರೆ ಮಾತ್ರ ಓದುಗರು ಮೂಗು ಮುಚ್ಚಿಕೊಂಡಾರು. ಅಲ್ಲಿ ದೀರ್ಘವನ್ನು ಬಿಡದೆ 'ಮೋರಿಯಾ' ಎಂದೇ ಬರೆಯತಕ್ಕದ್ದು.

ಕುಬ್ಜರ ಭಾಷೆಯಲ್ಲಿಯೂ ಈ ಲೋಹಕ್ಕೊಂದು ಹೆಸರುಂಟಂತೆ. ಅದನ್ನು ಅವರು ಹೊರಗಿನವರಿಗೆ ಹೇಳುವುದಿಲ್ಲವೆಂದು ಗ್ಯಾಂಡಾಲ್ಫನು ಒಂದೇ ಮಾತಿನಲ್ಲಿ ಮುಗಿಸುವನು. ಮೊಮ್ಮಗಳು ಅದನ್ನು ಮೂರನೆಯ ಸಂಪುಟದ ಅನುಬಂಧಗಳಲ್ಲಿ ಹುಡುಕುತ್ತಿರುವಳು. ಅಲ್ಲಿಯೂ ಇಲ್ಲವೆಂಬುದನ್ನು ನಾನು ಇನ್ನೂ ಹೇಳಿಲ್ಲ.