ಒಬ್ಬ ಗಣಿತೋಪಾಧ್ಯಾಯನ ಚಿತ್ರಕಥೆ

ಲಾಸ್ ಏಂಜಲೀಸ್ ನಗರದ ಪೂರ್ವಕ್ಕೆ, ಮೆಕ್ಸಿಕೋ ಮೂಲದ ಶ್ರಮಜೀವಿಗಳೇ ಬಹುಮಟ್ಟಿಗೆ ನೆಲಸಿರುವೆಡೆಯಲ್ಲಿ, ಗಾರ್‌ಫೀಲ್ಡ್ ಹೈಸ್ಕೂಲೆಂಬ ಪಾಠಶಾಲೆಯಿರುವುದು. ಬೊಲಿವಿಯಾದಿಂದ ವಲಸೆಬಂದ ಹೈಮೆ ಎಸ್ಕಲಾಂತೆಯವರು (1930–2010) 1974ರಲ್ಲಿ ಅಲ್ಲಿ ಉಪಾಧ್ಯಾಯರಾದರು. 1982ರಲ್ಲಿ ಅವರ ಶಿಷ್ಯರು 18 ಮಂದಿ ಕಾಲೇಜು ಮಟ್ಟದ ಕಲನಗಣಿತ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಅವರಲ್ಲಿ 14 ಮಂದಿಯ ಉತ್ತರಗಳನ್ನು ಪರೀಕ್ಷಾಸಂಸ್ಥೆಯು ಶಂಕಿಸಿತು. 12 ಮಂದಿ ಪುನಃ ಪರೀಕ್ಷೆಗೆ ಕುಳಿತು, ಎಲ್ಲರೂ ಗೆದ್ದರು. ಈ ವೃತ್ತಾಂತವನ್ನು ರಮೋನ್ ಮೆನೆಂಡೆಸ್ ಅವರು ‘ಸ್ಟಾಂಡ್ ಅಂಡ್ ಡೆಲಿವರ್’ ಎಂಬ ಹೆಸರಿನಿಂದ ಚಿತ್ರಿಸಿದರು. 1988ರಲ್ಲಿ ತೆರೆಕಂಡ ಈ ಚಿತ್ರವು ಇಂದಿಗೂ ವಿಮರ್ಶಾರ್ಹವಾಗಿದೆ.

ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಅವರ ಅಭಿನಯವು ಚಿತ್ರದ ಜೀವಾಳವೆಂಬುದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದು ನಿಲ್ಲಿಸುವುದು ವಿಚಾರಣೆಯ ಸನ್ನಿವೇಶ. ಸ್ಪ್ಯಾನಿಷ್ ಹೆಸರುಗಳೇ ಶಂಕೆಗೆ ಕಾರಣವೆಂದು ಗುರುವು ಆಕ್ಷೇಪಿಸುವಾಗ, ಎದುರಿಗೆ ಕುಳಿತ ವಿಚಾರಕರಿಬ್ಬರಲ್ಲಿ ಒಬ್ಬನು ಲ್ಯಾಟಿನೋ, ಇನ್ನೊಬ್ಬನು ಕರಿಯ ಜನಾಂಗದವನು. ಅನ್ಯಾಯವು ದುರುಳನೊಬ್ಬನ ಮುಖವನ್ನು ಧರಿಸಿ ಬರಲಿಲ್ಲ; ಕ್ರಮಬದ್ಧವಾದ ಕಾಗದಪತ್ರಗಳನ್ನು ಹಿಡಿದು ಬಂದಿತು. ನಿರ್ದೇಶಕರ ವಿವೇಕವು ಇಲ್ಲಿ ಅತ್ಯಂತ ಶ್ಲಾಘ್ಯ.

ಮಾಯಾ ಜನಾಂಗದವರು ಸೊನ್ನೆಯನ್ನು ಕಂಡರೆಂದು ಗುರುವು ಮಕ್ಕಳನ್ನು ಹುರಿದುಂಬಿಸುವ ಮಾತೊಂದುಂಟು. ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನು ಸೊನ್ನೆಯ ಗಣಿತವನ್ನು ವಿವರಿಸಿದನೆಂದು ಹೆಮ್ಮೆಪಡುವ ನಾವು ಇಲ್ಲಿ ಜಗಳಕ್ಕೆ ನಿಲ್ಲಬೇಕಾದುದಿಲ್ಲ. ಮಾಯಾ ಜನರ ಸೊನ್ನೆಯು ಸ್ವತಂತ್ರವಾಗಿ ಹುಟ್ಟಿದುದು.

ಚಿತ್ರದ ದೊಡ್ಡ ದೋಷವು ಕಾಲದ್ದು. ಭಿನ್ನರಾಶಿಯನ್ನೂ ಅರಿಯದ ತರಗತಿಯು ಸ್ವಲ್ಪಕಾಲದಲ್ಲಿಯೇ ಕಲನಗಣಿತವನ್ನು ಜಯಿಸುವಂತೆ ತೋರುತ್ತದೆ. ನಿಜದಲ್ಲಿ ಎಸ್ಕಲಾಂತೆಯವರು ಕಲನಗಣಿತವನ್ನು ಆರಂಭಿಸಲು ಕೆಲವು ವರ್ಷಗಳೇ ಹಿಡಿದವು. ಬೀಜಗಣಿತದಿಂದ ಮೆಟ್ಟಿಲುಮೆಟ್ಟಿಲಾಗಿ ಪಾಠಕ್ರಮವನ್ನು ಕಟ್ಟಬೇಕಾಯಿತು. ಬೇಸಿಗೆಯ ತರಗತಿಗಳು ಬೇಕಾದುವು. ಬೆನ್ ಹಿಮೆನೆಸ್ ಎಂಬ ಸಹೋಪಾಧ್ಯಾಯರ ದುಡಿಮೆಯೂ, ಮುಖ್ಯೋಪಾಧ್ಯಾಯ ಹೆನ್ರಿ ಗ್ರಾದಿಯಾಸ್ ಅವರ ಬೆಂಬಲವೂ ಕೂಡಿಬಂದುವು. ಇವರಿಬ್ಬರ ಪಾಲು ತೆರೆಯ ಮೇಲೆ ಕಾಣಿಸದು.

ಕಥೆಗೆ ಸಂಕ್ಷೇಪವು ಅವಶ್ಯವಲ್ಲವೇ ಎಂದು ಕೇಳಬಹುದು. ಅವಶ್ಯವೇ. ಆದರೆ ಈ ಸಂಕ್ಷೇಪದ ಬೆಲೆಯನ್ನು ತೆರುವವರು ಬಡಮಕ್ಕಳು. ಒಬ್ಬ ಗುರುವಿನ ಉತ್ಸಾಹವೊಂದೇ ಸಾಕೆಂದು ನಂಬಿದ ಅಧಿಕಾರಿಯು ಬೇಸಿಗೆಯ ತರಗತಿಗೆ ಹಣವನ್ನೇಕೆ ಮಂಜೂರು ಮಾಡುವನು? ಎಸ್ಕಲಾಂತೆಯವರು 1991ರಲ್ಲಿ ಶಾಲೆಯನ್ನು ತೊರೆದರು. ಆ ಬಳಿಕ ಅಲ್ಲಿ ಕಲನಗಣಿತದಲ್ಲಿ ತೇರ್ಗಡೆಯಾಗುವವರ ಸಂಖ್ಯೆಯು ಬಹಳವಾಗಿ ಇಳಿಯಿತು. ಚಿತ್ರವಾದರೋ ಅದಕ್ಕೆ ಮೂರು ವರ್ಷಗಳ ಮುಂಚೆಯೇ ಬಂದುದು.